ವೆಂಕೋಬನ ಗರಗಸಕ್ಕೆ ಕಾಲು ಬಂದದ್ದು

ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿಗೆ ಕೂಡುತ್ತಿದ್ದ ವೆಂಕೋಬ ತಾನು ಗುಮಾಸ್ತನೆಂದು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. "ನೌಕರಿ ಏನ್ರಿ, ಸುಮ್ನ ಐತಿ. ನಮ್ಮ ಖರೆ ಕೆಲಸ ಫೋಟೋಕ್ಕ ಕಟ್ಟು ಹಾಕೋದು" ಎನ್ನುತ್ತಿದ್ದ. ನೌಕರಿ ಸುಮ್ಮನೆ ಇದ್ದದ್ದು ಹೌದು. ಅವನ ಮೇಜಿನ ಮೇಲೆ ಧೂಳು ಹೊದ್ದು ಮಲಗಿದ ಕಡತಗಳನ್ನು ಕಂಡವರು ಅದಕ್ಕೆ ಬೇರೆ ಸಾಕ್ಷಿ ಕೇಳುತ್ತಿರಲಿಲ್ಲ. ಆದರೆ ಅವನ ಖರೆ ಕೆಲಸವನ್ನು ಗೋಡೆಯ ಮೇಲೆ ದಿನವೂ ನೋಡುತ್ತ ಕೂತ ನನ್ನಂಥವನಿಗೆ, ಅದಕ್ಕಿಂತ ಅವನ ನೌಕರಿಯೇ ವಾಸಿ ಎನಿಸುತ್ತಿತ್ತು.

ಅವನು ಅಳವಂಡಿಯ ಒಕ್ಕಲುತನದ ಮನೆಯವನು. ಅಣ್ಣ ಹನಮಪ್ಪ ಹೊಲ ನೋಡಿಕೊಂಡು ಊರಲ್ಲಿ ಉಳಿದ. ವೆಂಕೋಬ ಮೆಟ್ರಿಕ್ ಪಾಸಾಗಿ ಯಲಬುರ್ಗಾಕ್ಕೆ ಬಂದ. ನೌಕರಿ ಸಿಗುವ ಮೊದಲು, ಏನಾದರೂ ಕೈಕೆಲಸ ಕಲಿಯಬೇಕೆಂದು ಬಡಿಗೇರ ಮೋನಪ್ಪನ ಕೆಲಸದ ಮನೆಗೆ ಕೆಲವು ತಿಂಗಳು ಹೋಗಿದ್ದನಂತೆ. ಹಲಗೆ ಹೆರೆಯಲು ಕೊಟ್ಟರೆ ಅವನು ಹಲಗೆಯ ಜಾತಿಯ ಮೇಲೆ ಮಾತಾಡುತ್ತಿದ್ದ. ಉಳಿ ಮಸೆಯಲು ಕೊಟ್ಟರೆ ಉಕ್ಕು ಯಾವ ಊರಿನದು ಛಲೋ ಎಂದು ಹೇಳುತ್ತಿದ್ದ. ಮೋನಪ್ಪ ಮಿತಭಾಷಿ. ಒಂದು ದಿನ ಮಂದಿಯ ಎದುರಿಗೇ ಹೇಳಿದನಂತೆ: "ತಮ್ಮಾ, ನಿನ್ನ ಕೈಕಿಂತ ನಿನ್ನ ಬಾಯಿ ಛಲೋ ಕೊಯ್ತೈತಿ. ಅದರ ಮ್ಯಾಲ ಬದುಕು ಹೋಗು." ಅವತ್ತು ಎದ್ದು ಬಂದ ವೆಂಕೋಬ ಮತ್ತೆ ಆ ಓಣಿಯಲ್ಲಿ ಕಾಲಿಡಲಿಲ್ಲ. ಕಚೇರಿಗೆ ಅದೇ ಹತ್ತಿರದ ದಾರಿಯಾದರೂ ಊರ ಹೊರಗಿಂದ ಸುತ್ತು ಹೊಡೆದು ಬರುತ್ತಿದ್ದ. ಈ ಊರಾಗ ಬಡಿಗತನ ಬಲ್ಲವರೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ.

ಎಪ್ಪತ್ತಾರರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಕಟ್ಟು ಹಾಕುವ ಮುದುಕನೊಬ್ಬ ಅಂಗಡಿ ಮುಚ್ಚುತ್ತಿದ್ದಾನೆಂದು ತಿಳಿದು, ವೆಂಕೋಬ ರಜೆ ಹಾಕಿ ಹೋಗಿ ಅವನ ಗರಗಸ ತಂದ. ಕಬ್ಬಿಣದ ಹಾಸು, ಅದರ ಮೇಲೆ ಎರಡು ಕಂಬ, ಕಂಬಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡುವ ಉದ್ದನೆಯ ಗರಗಸ. ಕಂಬಗಳನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಬಿಗಿದರೆ ಕಟ್ಟಿನ ಪಟ್ಟಿಯ ತುದಿ ಓರೆಯಾಗಿ ಕೊಯ್ದು ಬರುತ್ತದೆ. ಅಂಥ ಎರಡು ಓರೆಗಳು ಕೂಡಿದರೆ ಒಂದು ಮೂಲೆ. ಕೈಯಿಂದ ಎಳೆಯುವ ಈ ಸಾಮಾನಿಗೆ ವೆಂಕೋಬ ಇಟ್ಟ ಹೆಸರು ಮಶೀನು.

ಹುಬ್ಬಳ್ಳಿಯ ಮುದುಕ ಗರಗಸದ ಜೊತೆ ಅದರ ಕಬ್ಬಿಣದ ಸ್ಟ್ಯಾಂಡನ್ನೂ ಮುಂದೆ ತಳ್ಳಿದ್ದನಂತೆ. "ತಮ್ಮಾ, ಇದನ್ನೂ ಒಯ್ಯಿ. ಪಟ್ಟಿ ಉದ್ದ ಇರ್ತಾವ. ಎರಡೂ ಕಡೆ ಗರಗಸದ ಮಟ್ಟಕ್ಕ ಆಧಾರ ಬೇಕು. ತುದಿ ಜೋತುಬಿದ್ರ ಕೊಯ್ತ ತಪ್ಪತೈತಿ." ಅದಕ್ಕೆ ತಾನು ಕೊಟ್ಟ ಉತ್ತರವನ್ನು ವೆಂಕೋಬ ಕಚೇರಿಯಲ್ಲಿ ಎಷ್ಟು ಸಲ ಹೇಳಿದನೋ. "ಅಜ್ಜಾ, ನಾ ಬಡಿಗತನ ಕಲ್ತಾಂವ. ಸ್ಟ್ಯಾಂಡ್ ಕೊಳ್ಳೋದು ಬರಲಾರದವ್ರ ಕೆಲಸ. ನಾ ಮಾಡ್ಕೋತೀನಿ, ಅಂದೆ. ಮುದುಕ ನನ್ನ ಮುಖಾನ ನೋಡಿದ!" ಮುದುಕ ಅಂದು ಅವನ ಮುಖದಲ್ಲಿ ಕಂಡದ್ದನ್ನು ನಾವು ದಿನವೂ ಕಾಣುತ್ತಿದ್ದೆವು.

ಹೀಗೆ ಗರಗಸ ಬಂತು, ಸ್ಟ್ಯಾಂಡು ಬರಲಿಲ್ಲ. ಬಸ್‌ ನಿಲ್ದಾಣದ ಹಿಂದಿನ ತನ್ನ ಮನೆಯ ಮುಂಗೋಣೆಯಲ್ಲಿ ಹೆಂಡತಿಯ ಹೆಸರಿನಲ್ಲಿ ಅಂಗಡಿ ತೆರೆದ. ಹಲಗೆಯ ಮೇಲೆ 'ಶ್ರೀ ಹಂಪವ್ವ ಫೋಟೋ ಫ್ರೇಮ್ ವರ್ಕ್ಸ್' ಎಂದು ಬರೆಸಿದ. ಅಂಗಡಿಯ ನಡುವೆ ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಗರಗಸ ಇಟ್ಟ. "ಇದು ತಾತ್ಪೂರ್ತಿ, ಸದ್ಯಕ್ಕಷ್ಟ" ಎಂದ. ಆ ತಾತ್ಪೂರ್ತಿ ಏಳು ವರ್ಷ ನಡೆಯಿತು.

ಆ ಏಳು ವರ್ಷವೂ ಸ್ಟ್ಯಾಂಡು ಕೊಳ್ಳಬೇಕೋ ಮಾಡಬೇಕೋ ಎಂಬ ಚರ್ಚೆ ನಮ್ಮ ಕಚೇರಿಯಲ್ಲಿ ನಿಂತದ್ದಿಲ್ಲ. ಒಂದು ದಿನ ಬಂದವನೇ ನನ್ನ ಮುಂದೆ ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯುತ್ತಿದ್ದ: ಇಲ್ಲಿ ನಾಕು ಕಾಲು, ಇಲ್ಲಿ ಅಡ್ಡಪಟ್ಟಿ, ಎರಡೂ ಕಡೆ ಚಾಚಿದ ರೆಕ್ಕಿ. "ಮಾಡಿದ್ದ ಛಲೋ, ಅಯ್ಯಪ್ಪಣ್ಣ. ಕೊಂಡಿದ್ದು ಯಾರದೋ ಎತ್ತರಕ್ಕ ಮಾಡಿರ್ತಾರ. ಬಗ್ಗಿ ಬಗ್ಗಿ ನಮ್ಮ ಬೆನ್ನು ಹೋಗ್ತೈತಿ. ಮಾಡಿದ್ರ ನಮ್ಮ ಎತ್ತರ, ನಮ್ಮ ಮಶೀನಿನ ತೂತು, ನಮ್ಮ ಪಟ್ಟಿ ಉದ್ದ." ಮರುವಾರ ಅದೇ ಮನುಷ್ಯ ಅದೇ ನೆಲವನ್ನು ಕಾಲಿನಿಂದ ಒರೆಸಿ, "ಕೊಂಡಿದ್ದ ಛಲೋ ಬಿಡ್ರಿ. ಕಬ್ಬಿಣ ಸೊಟ್ಟ ಆಗೂದಿಲ್ಲ. ಮಡಚಿ ಇಟ್ರ ಜಾಗ ಉಳಿತೈತಿ. ಇವತ್ತ ತಂದ್ರ ಇವತ್ತ ಕೆಲಸ. ಮಾಡ್ಕೋತ ಕೂತ್ರ ಯಾವಾಗ ಮುಗೀಬೇಕು?" ಎನ್ನುತ್ತಿದ್ದ. ಸಿಟ್ಟು ಬರುತ್ತಿದ್ದುದು ಇದಕ್ಕೇ: ಅವನು ಹೇಳುತ್ತಿದ್ದ ಒಂದೊಂದು ಮಾತೂ ಸರಿ ಇರುತ್ತಿತ್ತು. ಕೊಂಡವರನ್ನು ಕಂಡರೆ ಕೈಲಾಗದವರು ಎಂದು ಮೂಗು ಮುರಿಯುತ್ತಿದ್ದ. ಮಾಡಿಕೊಂಡವರನ್ನು ಕಂಡರೆ ಜುಗ್ಗರು ಎಂದು ನಗುತ್ತಿದ್ದ. ತಾನು ಎರಡೂ ಅಲ್ಲದೆ ನಡುವೆ ನಿಂತದ್ದೇ ಒಂದು ಎತ್ತರ ಎಂದುಕೊಂಡಿದ್ದ.

ಒಂದು ಸಲ ಬೇಸತ್ತು ನಾನೇ ಅಂದೆ: "ಕೊಳ್ಳೋದು ಬ್ಯಾಡ, ಮಾಡೋದು ಬ್ಯಾಡ. ಮೋನಪ್ಪಗ ಹೇಳಿ ಮಾಡಸಬಾರದ?"

ವೆಂಕೋಬ ನನ್ನನ್ನು ಕರುಣೆಯಿಂದ ನೋಡಿದ. "ಅಯ್ಯಪ್ಪಣ್ಣ, ನೀವು ಕಾಗದದ ಕೆಲಸದವ್ರು. ನಿಮಗ ಇದು ತಿಳ್ಯಂಗಿಲ್ಲ ಬಿಡ್ರಿ" ಎಂದ.

ಅವನ ಕೆಲಸ ನಡೆಯುತ್ತಿದ್ದುದು ಹೇಗೆ? ಆ ಗರಗಸಕ್ಕೆ ಸ್ಟ್ಯಾಂಡು ಇತ್ತು. ಅದರ ಹೆಸರು ಹಂಪವ್ವ. ಇಟಗಿಯ ಹೆಣ್ಣುಮಗಳು, ಒಳ್ಳೆ ಎತ್ತರದ, ಗಟ್ಟಿ ಕೈಯ ಹೆಂಗಸು. ವೆಂಕೋಬ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗರಗಸ ಎಳೆಯುತ್ತಿದ್ದರೆ ಅವಳು ಪಟ್ಟಿಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲೂರಿ ಇರಬೇಕಿತ್ತು. "ಮ್ಯಾಲ ಹಿಡಿ. ಏ, ಅಷ್ಟು ಮ್ಯಾಲ ಅಲ್ಲ. ಕೆಳಗ ಮಾಡು. ನಿನಗ ಮಟ್ಟ ಅಂದ್ರ ಏನಂತ ಗೊತ್ತಿಲ್ಲ." ಒಲೆಯ ಮೇಲೆ ಸಾರು ಉಕ್ಕಿದರೂ ಕೈ ಬಿಡುವಂತಿರಲಿಲ್ಲ. ಬಿಟ್ಟರೆ ಕೊಯ್ತ ತಪ್ಪಿತೆಂದು ಬೈಸಿಕೊಳ್ಳಬೇಕು. ಬಿಡದಿದ್ದರೂ ಕೊಯ್ತ ತಪ್ಪುತ್ತಿತ್ತು, ಬೈಗಳು ತಪ್ಪುತ್ತಿರಲಿಲ್ಲ. ಮನುಷ್ಯರ ಕೈ ಕಬ್ಬಿಣವಲ್ಲ. ಹಣ್ಣಿನ ಪೆಟ್ಟಿಗೆಯಂತೂ ಏನೂ ಅಲ್ಲ.

ಹೀಗಾಗಿ ವೆಂಕೋಬನ ಕಟ್ಟುಗಳಲ್ಲಿ ಮೂಲೆ ಕೂಡುತ್ತಿರಲಿಲ್ಲ. ಒಳಗಡೆ ಬೆರಳಿನ ಉಗುರು ತೂರುವಷ್ಟು ಸಂದು ಉಳಿಯುತ್ತಿತ್ತು. ಅದಕ್ಕೆ ಅವನು ಮೈದಾಹಿಟ್ಟಿನ ಅಂಟಿನಲ್ಲಿ ಮರದ ಪುಡಿ ಕಲಸಿ ತುಂಬುತ್ತಿದ್ದ. ಮೇಲೆ ಬಂಗಾರದ ಬಣ್ಣ ಬಳಿಯುತ್ತಿದ್ದ. ಅದಕ್ಕೂ ಮುಚ್ಚದಿದ್ದರೆ ನಾಲ್ಕೂ ಮೂಲೆಗೆ ಹೂವಿನ ಚಿತ್ತಾರದ ಹಿತ್ತಾಳೆ ತಗಡು ಬಡಿದು, "ಇದು ಫ್ಯಾನ್ಸಿ" ಎಂದು ಗಿರಾಕಿಗೆ ಹೆಚ್ಚಿನ ದರ ಹೇಳುತ್ತಿದ್ದ. ಊರ ಮಂದಿ ಫ್ಯಾನ್ಸಿ ಎಂದೇ ನಂಬಿ ದೇವರ ಪಟ, ತೀರಿಕೊಂಡ ಹಿರಿಯರ ಫೋಟೋ, ಮದುವೆಯ ಗುಂಪಿನ ಫೋಟೋ ಒಯ್ದು ಗೋಡೆಗೆ ತೂಗುಹಾಕಿದರು.

ಹಂಪವ್ವನ ತಾಯಿ ಮಾರೆವ್ವ ತೀರಿಕೊಂಡದ್ದು ಎಂಬತ್ತರ ಬೇಸಿಗೆಯಲ್ಲಿ. ಆ ಮುದುಕಿಯದು ಒಂದೇ ಒಂದು ಫೋಟೋ ಇತ್ತು. ಕುಕನೂರಿನ ಸಂತೆಗೆ ಹೋದಾಗ ಯಾರೋ ಒತ್ತಾಯ ಮಾಡಿ ತೆಗೆಸಿದ್ದು: ಕುರ್ಚಿಯ ತುದಿಗೆ, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವಳಂತೆ ಕೂತಿದ್ದಳು. ತೆಗೆದವನು ಅಂಗಡಿ ಕಿತ್ತು ಎಲ್ಲಿಗೋ ಹೋಗಿದ್ದ. ಆ ಫೋಟೋಕ್ಕೆ ವೆಂಕೋಬ ಬಹಳ ಮುತುವರ್ಜಿಯಿಂದ ಕಟ್ಟು ಹಾಕಿದ. ಅತ್ತೆಯ ಫೋಟೋ ಎಂದು ದೊಡ್ಡ ಹಿತ್ತಾಳೆ ಹೂವನ್ನೇ ಬಡಿದ. ದೊಡ್ಡ ಹೂವು ಬಡಿದನೆಂದರೆ ಸಂದು ದೊಡ್ಡದಿತ್ತೆಂದು ಯಾರಾದರೂ ತಿಳಿದುಕೊಳ್ಳಬಹುದಿತ್ತು. ಹಂಪವ್ವನಿಗೆ ಅಷ್ಟು ತಿಳಿದಿರಲಿಲ್ಲ, ಆಗಿನ್ನೂ.

ಎಂಬತ್ಮೂರರ ಮೊದಲಿಗೆ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಜನರಿಗೆ ಅದರಿಂದ ಏನು ಬದಲಾಯಿತೋ ಬಿಡಿ, ಕಚೇರಿಗಳ ಗೋಡೆ ಮಾತ್ರ ಬದಲಾಗಲೇಬೇಕಾಯಿತು. ಹಳೇ ಮುಖಗಳು ಕೆಳಗಿಳಿದು ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತವು. ಹೊಸ ಮುಖಗಳು ಸುರುಳಿ ಸುತ್ತಿಕೊಂಡು ಬಂದವು. ಅವಕ್ಕೆಲ್ಲ ಕಟ್ಟು ಬೇಕು. ನಮ್ಮ ಸಾಹೇಬರು ವೆಂಕೋಬನನ್ನು ಕರೆದರು. ನಮ್ಮ ಕಚೇರಿಯಷ್ಟೇ ಅಲ್ಲ, ಸುತ್ತಲಿನ ಸಾಲಿ, ದವಾಖಾನೆಗಳ ಕೆಲಸವೂ ಅವನಿಗೇ ಸಿಕ್ಕಿತು. ಕಡತ ಮುಟ್ಟದ ಮನುಷ್ಯ ಅವತ್ತು ಸಾಹೇಬರ ಕೋಣೆಯಿಂದ ಎದೆಯುಬ್ಬಿಸಿ ಬಂದ.

"ಈಗ ಸ್ಟ್ಯಾಂಡ್ ಬೇಕ ಬೇಕು" ಎಂದ.

"ಕೊಳ್ಳಾಂವೋ, ಮಾಡಾಂವೋ?" ಎಂದೆ.

"ಮಾಡಾಂವ. ಸರ್ಕಾರಿ ಕೆಲಸ. ಬ್ಯಾರೇದವ್ರ ಸ್ಟ್ಯಾಂಡಿನ ಮ್ಯಾಲ ಮಾಡೋದು ಸರಿ ಅನಸೂದಿಲ್ಲ."

ಅಳವಂಡಿಯ ಹೊಲದ ಬದುವಿನಲ್ಲಿ ಗಾಳಿಗೆ ಬಿದ್ದಿದ್ದ ಬೇವಿನ ಮರವನ್ನು ಹನಮಪ್ಪ ಕೊಯ್ಯಿಸಿ ಕೊಟ್ಟ. "ತಮ್ಮಾ, ಇನ್ನೂ ಹಸಿ ಐತಿ. ನೆರಳಾಗ ಹಾಕಿ ಒಣಗಿಸು" ಎಂದು ಹೇಳಿದ್ದನಂತೆ. ಒಣಗಿಸುವುದು ತಾಳ್ಮೆ ಇದ್ದವರ ಕೆಲಸ. ಏಳು ವರ್ಷ ಸುಮ್ಮನೆ ಕೂತಿದ್ದವನಿಗೆ ಈಗ ಏಳು ವಾರ ಕಾಯಲು ಆಗಲಿಲ್ಲ. ರಜೆ ಹಾಕಿ ಬಾಗಿಲು ಮುಚ್ಚಿಕೊಂಡು ಬಡಿದ. ಕೊನೆಗೊಂದು ದಿನ ಕಚೇರಿಯ ಎಲ್ಲರನ್ನೂ ಕರೆದು ತೋರಿಸಿದ. ಆ ಸ್ಟ್ಯಾಂಡು ನೋಡಲು ಗಟ್ಟಿಯಾಗಿತ್ತು, ಸುಳ್ಳು ಹೇಳಬಾರದು. ಮಂಚಕ್ಕಿಂತ ದಪ್ಪ ಕಾಲು, ಎರಡೂ ಕಡೆ ಉದ್ದನೆ ರೆಕ್ಕೆ. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದು, ನಮಗೆಲ್ಲ ಪೇಢೆ ಹಂಚಿದ. "ಇಟಗಿ ಗುಡಿ ಕಂಬ ಇದ್ದಂಗ ಐತ್ರಿ, ನೂರಾರು ವರ್ಷ ಅಳ್ಳಾಡೂದಿಲ್ಲ" ಎಂದ. ತವರೂರಿನ ಗುಡಿಯ ಮಾತು ಬಂದಾಗ ಹಂಪವ್ವ ಒಳಗಿನ ಬಾಗಿಲಿಗೆ ಬಂದು ಸ್ಟ್ಯಾಂಡನ್ನು ಒಂದು ಸಲ ನೋಡಿದಳು. ನಂತರ ಚಹಾ ತರಲು ಹೋದಳು.

ಮೊದಮೊದಲು ಕೊಯ್ತ ಸರಿಯೇ ಬಂತು. ಆಮೇಲೆ ಬೇಸಿಗೆ ಬಂತು. ನಮ್ಮ ಸೀಮೆಯ ಬಿಸಿಲು ಹಸಿ ಮರವನ್ನು ಏನು ಮಾಡುತ್ತದೆಂದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಒಂದು ಕಾಲು ಮೇಲೆದ್ದಿತು; ಅದರ ಕೆಳಗೆ ಬಿಲ್ಲೆಕಲ್ಲು ಇಟ್ಟ. ಒಂದು ರೆಕ್ಕೆ ಹಪ್ಪಳದಂತೆ ತಿರುಚಿತು. ಅದರ ಮೇಲೆ ಇಟ್ಟಿಗೆ ಹೇರಿದ. ಗರಗಸ ಕೂತ ಹಲಗೆ ನಡುವೆ ಸೀಳಿತು, ಹಗ್ಗ ಬಿಗಿದ. ಆ ಹೊತ್ತಿಗೆ ಅದು ಸ್ಟ್ಯಾಂಡಿಗಿಂತ ದವಾಖಾನೆಯಲ್ಲಿ ಮಲಗಿಸಿದ ರೋಗಿಯಂತೆ ಕಾಣುತ್ತಿತ್ತು. ಹಂಪವ್ವ ಮತ್ತೆ ಮೊಣಕಾಲೂರಿ ಪಟ್ಟಿ ಹಿಡಿದಳು. ವೆಂಕೋಬ ಮಾತ್ರ ಮರದ ಮೇಲೆ ತಪ್ಪು ಹೊರಿಸಿದ: "ಹೊಲದ ಬೇವು ಹಿಂಗಾ ರೀ. ಅಣ್ಣ ಛಲೋ ಮರ ಕೊಡ್ಲಿಲ್ಲ."

ಕಟ್ಟುಗಳು ಗೋಡೆ ಏರಿದವು, ಎಲ್ಲವಕ್ಕೂ ದೊಡ್ಡ ದೊಡ್ಡ ಹಿತ್ತಾಳೆ ಹೂವು. ಒಂದು ಮಧ್ಯಾಹ್ನ ನಮ್ಮಲ್ಲಿ ದೊಡ್ಡ ಮೀಟಿಂಗು. ಮೇಲಿನ ಅಧಿಕಾರಿಗಳು ರಾಯಚೂರಿನಿಂದ ಬಂದಿದ್ದರು. ಸಾಹೇಬರು ಎದ್ದು ನಿಂತು ತಾಲೂಕಿನ ಪ್ರಗತಿಯ ಬಗ್ಗೆ ಹೇಳುತ್ತಿದ್ದಾಗ ಅವರ ತಲೆಯ ಮೇಲಿನ ಗೋಡೆಯಲ್ಲಿ 'ಟಕ್' ಎಂದು ಸದ್ದಾಯಿತು. ಒಂದು ಹಿತ್ತಾಳೆ ಹೂವು ಕಳಚಿ ಮೇಜಿನ ಮೇಲೆ ಬಿತ್ತು. ಎಲ್ಲರೂ ತಲೆ ಎತ್ತಿದರು. ಕಟ್ಟಿನ ಕೆಳಗಿನ ಪಟ್ಟಿ ಆರಾಮಾಗಿ ಬಾಯಿ ತೆರೆಯಿತು. ಗಾಜು ಜಾರಿ ಬಂದು ಚಹಾದ ಕಪ್ಪುಗಳ ನಡುವೆ ಚೂರಾಯಿತು. ಅದರ ಹಿಂದೆಯೇ ಆ ದೊಡ್ಡ ಮನುಷ್ಯರ ಚಿತ್ರ ಗಾಳಿಯಲ್ಲಿ ಓಲಾಡುತ್ತ ಇಳಿದು ಬಿಸ್ಕತ್ತಿನ ತಟ್ಟೆಯಲ್ಲಿ ಮಲಗಿತು. ಯಾರಿಗೂ ಗಾಯವಾಗಲಿಲ್ಲ. ರಾಯಚೂರಿನವರು ತೊಡೆಯ ಮೇಲಿನ ಚಹಾ ಒರೆಸಿಕೊಳ್ಳುತ್ತ, "ಇದನ್ನ ಮಾಡಿದವ್ರು ಯಾರ್ರಿ?" ಎಂದು ಕೇಳಿದರು.

ಮೊದಲ ಸಲ ವೆಂಕೋಬ ತಾನೊಬ್ಬ ಗುಮಾಸ್ತ ಎಂದು ಹೇಳಿಕೊಂಡ. "ನಾ ಇಲ್ಲಿ ಕ್ಲರ್ಕ್ ಅದೀನ್ರಿ" ಎಂದ.

ಸಾಹೇಬರು ಎಲ್ಲ ಕಟ್ಟುಗಳನ್ನೂ ಇಳಿಸಿ ಹೊಸದಾಗಿ ಮಾಡಿಕೊಡಬೇಕೆಂದು ಅಪ್ಪಣೆ ಮಾಡಿದರು. ಮರುದಿನ ಬೆಳಿಗ್ಗೆಯೇ ವೆಂಕೋಬ ಕುಕನೂರಿನ ಮೇಲೆ ಗದಗಿಗೆ ಹೋಗುವ ಬಸ್ಸು ಹತ್ತಿ, ಅಲ್ಲಿಂದ ಹುಬ್ಬಳ್ಳಿಗೆ ಹೋದ. ಹೊಸ ಕಬ್ಬಿಣದ ಸ್ಟ್ಯಾಂಡು ಕೊಳ್ಳಲು. ಹೋಗುವ ಮೊದಲು ನನ್ನ ಮನೆಗೆ ಬಂದು, ಕೊಳ್ಳುವುದೇ ಯಾಕೆ ಸರಿ ಎಂದು ವಿವರಿಸಿ ಹೋದ.

ಹಂಪವ್ವ ಊರಲ್ಲೇ ಇದ್ದಳು. ಕಚೇರಿಯ ಕಟ್ಟು ಬಾಯಿ ಬಿಟ್ಟ ಸುದ್ದಿ ಹೆಣ್ಣುಮಕ್ಕಳ ಬಾಯಲ್ಲಿ ನಗೆಯಾಗಿ ಓಣಿ ತುಂಬಿತ್ತು. ಅವಳು ನಗಲಿಲ್ಲ. ಒಳಗೆ ಹೋಗಿ ಗೋಡೆಯ ಮೇಲಿದ್ದ ತನ್ನ ತಾಯಿಯ ಫೋಟೋ ಇಳಿಸಿದಳು. ಮೂರು ವರ್ಷದಿಂದ ಅದರ ಮೇಲೆ ಸೇವಂತಿಗೆ ಹಾರವೋ ಪ್ಲಾಸ್ಟಿಕ್ಕಿನ ಹಾರವೋ ಇದ್ದೇ ಇರುತ್ತಿದ್ದುದರಿಂದ ಗಾಜಿನ ಒಳಗೆ ಕಣ್ಣಿಟ್ಟು ಯಾರೂ ನೋಡಿರಲಿಲ್ಲ. ಹಾರ ತೆಗೆದು ಬೆಳಕಿಗೆ ಹಿಡಿದಳು. ಮೂಲೆಯ ಸಂದಿನಲ್ಲಿ ಮೈದಾಹಿಟ್ಟಿನ ವಾಸನೆ ಹಿಡಿದು ಬಂದ ಹುಳ ಒಳಗೆ ಮನೆ ಮಾಡಿದ್ದವು. ಕುರ್ಚಿ ಇತ್ತು. ಸೀರೆ ಇತ್ತು. ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟ ಎರಡು ಕೈ ಇದ್ದವು. ಮುಖ ಇರಲಿಲ್ಲ. ಹಣೆಯಿಂದ ಗದ್ದದ ತನಕ ಕಾಗದ ಬೆಳ್ಳಗೆ ತಿಂದುಹೋಗಿತ್ತು.

ವೆಂಕೋಬ ಬಸ್ಸಿನ ಮೇಲಿಂದ ಹಸಿರು ಬಣ್ಣದ ಸ್ಟ್ಯಾಂಡು ಇಳಿಸಿಕೊಂಡು ಬರುವಾಗ ದಾರಿಯಲ್ಲಿ ನಾನು ಸಿಕ್ಕೆ. ಒಂದು ಕಡೆ ಹಿಡೀರಿ ಎಂದ. ಹೀಗಾಗಿ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಹೊಸ್ತಿಲಲ್ಲೇ ಶುರುಮಾಡಿದ: "ನೋಡ ಇಲ್ಲಿ! ಮಡಚಾಕ ಬರ್ತೈತಿ, ಎತ್ತಾಕ ಬರ್ತೈತಿ. ಇನ್ನ ನೀ ಹಿಡಿಯೋದ ಬ್ಯಾಡ..."

ಹಂಪವ್ವ ಮುಂಗೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲೆ ಫೋಟೋ ಇತ್ತು. "ಇದನ್ನ ನೋಡ್ರಿ" ಎಂದಳು.

ಅವನು ನೋಡಿದ. ಮುಖ ಸ್ವಲ್ಪ ಬಿಳುಪೇರಿತು. ಆದರೆ ಬಾಯಿ ಅಭ್ಯಾಸ ಬಿಡಲಿಲ್ಲ. "ಹುಳ ಬಿದ್ದಾವ. ಆ ಕುಕನೂರಾಂವ ಹಾಕಿದ ಕಾಗದಾನ ಕಚ್ಚಾ ಇತ್ತು. ನಾ ಆವಾಗ..."

"ಹುಳ ಎಲ್ಲಿಂದ ಹೋದುವ್ರಿ ಒಳಗ?"

ಅವನು ಸ್ಟ್ಯಾಂಡನ್ನು ಇನ್ನೊಂದು ಕೈಗೆ ಬದಲಿಸಿದ.

"ನಿಮ್ಮ ಸಂದಿನ್ಯಾಗ ಹೋದ್ವು. ಕೊಳ್ಳಲೋ ಮಾಡಲೋ, ಕೊಳ್ಳಲೋ ಮಾಡಲೋ ಅಂತ ನೀವು ಊರ ಮಂದೀಗೆಲ್ಲ ಹೇಳ್ಕೋತ ತಿರಗೂತನ ನಮ್ಮವ್ವನ ಮುಖ ತಿಂದು ಮುಗಿಸಿದ್ವು. ಮಟ್ಟ ಗೊತ್ತಿಲ್ಲ ಅಂದ್ರಿ, ಸುಮ್ಮನ ಹಿಡದೆ. ಮೊಣಕಾಲು ಕಪ್ಪಗಾದ್ರೂ ಹಿಡದೆ. ಇವತ್ತಿಂದ ನಿಮ್ಮ ಪಟ್ಟಿ ನಾ ಹಿಡಿಯೂದಿಲ್ಲ. ಈ ಹಸಿರು ಕುದರಿ ಹಿಡಿತೈತಿ ಅಂದ್ರ ಹಿಡೀಲಿ."

ಅವಳ ದನಿ ಏರಿರಲಿಲ್ಲ. ನಾನು ಸ್ಟ್ಯಾಂಡಿನ ನನ್ನ ಕಡೆಯ ಕಾಲನ್ನು ಮೆತ್ತಗೆ ನೆಲಕ್ಕಿಟ್ಟು ಹೊರಗೆ ಬಂದೆ.

ಹಸಿರು ಕುದುರೆ ಹಿಡಿಯಲಿಲ್ಲ. ಗರಗಸದ ಹಾಸು ಹಳೇ ಕಾಲದ್ದು. ಅದರ ತೂತುಗಳಿಗೂ ಹೊಸ ಸ್ಟ್ಯಾಂಡಿನ ತೂತುಗಳಿಗೂ ಹೊಂದಲಿಲ್ಲ. ಕೊಳ್ಳುವ ಮೊದಲು ಅಳತೆ ಒಯ್ಯಬೇಕೆಂದು ನನ್ನಂಥ ಕಾಗದದವನಿಗೂ ಹೊಳೆಯುತ್ತಿತ್ತು. ಅವನು ತಂತಿಯಿಂದ ಬಿಗಿದು ಕೊಯ್ಯಲು ನಿಂತ. ಮಡಚಲು ಬರುವ ಸ್ಟ್ಯಾಂಡು ತನ್ನ ಗುಣ ತೋರಿಸಿತು. ಅರ್ಧ ಕೊಯ್ಯುವಾಗಲೇ ಮಡಚಿಕೊಂಡಿತು. ಗರಗಸ ಅವನ ಪಾದದ ಮೇಲೆ ಬಿತ್ತು. ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದು ಮಂಚ ಹಿಡಿದ. ನೋಡಲು ಹೋದವರಿಗೆ ಹುಬ್ಬಳ್ಳಿಯವರ ಮೋಸದ ಬಗ್ಗೆ ಹೇಳತೊಡಗಿದ.

ಅವನು ಮಂಚದಲ್ಲಿದ್ದ ದಿನಗಳಲ್ಲೇ ಹಂಪವ್ವ ಫೋಟೋವನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಗಂಗಾವತಿಗೆ ಹೋದಳು. ಅಲ್ಲಿಯ ಒಂದು ಸ್ಟುಡಿಯೋದಲ್ಲಿ ಹರಿದ ಫೋಟೋ ತಿದ್ದಿಕೊಡುತ್ತಾರೆಂದು ಯಾರೋ ಹೇಳಿದ್ದರು. ಅಲ್ಲಿ ಏನಾಯಿತೆಂದು ಅವಳು ಮುಂದೆ ನನ್ನ ಹೆಂಡತಿಗೆ ಹೇಳಿದ್ದನ್ನೇ ಹೇಳುತ್ತೇನೆ. ಫೋಟೋ ತೆಗೆಯುವವನು ಗಂಡ. ತಿದ್ದಿ ಬಣ್ಣ ತುಂಬುವವಳು ಅವನ ಹೆಂಡತಿ ಬಾನುಬೀ. ಬಾನುಬೀ ಫೋಟೋವನ್ನು ತುಂಬ ಹೊತ್ತು ನೋಡಿ, "ಅಕ್ಕಾ, ಅರ್ಧ ಮುಖ ಇದ್ರ ಇನ್ನರ್ಧ ಬರೀತಿದ್ದೆ. ಇಲ್ಲಿ ಏನೂ ಇಲ್ಲಲ್ರೀ" ಎಂದಳಂತೆ. ಹಂಪವ್ವ ಎದ್ದು ಹೊರಡಲಿಲ್ಲ. ಕೂತೇ ಇದ್ದಳು. ಬಾನುಬೀ ಅವಳ ಮುಖವನ್ನು ನೋಡುತ್ತ ನೋಡುತ್ತ ಕೇಳಿದಳು:

"ಮೂಗು ಯಾರ್ದ್ರೀ ನಿಮ್ಮದು?"

"ನಮ್ಮವ್ವಂದು. ಎಲ್ಲಾರೂ ಹಂಗ ಅಂತಾರ."

"ಕಣ್ಣು?"

"ಕಣ್ಣೂ ಅಕೀದ."

ಬಾನುಬೀ ಅವಳನ್ನು ಕುರ್ಚಿಯ ತುದಿಗೆ ಕೂಡಿಸಿದಳು. ಸೆರಗನ್ನು ಫೋಟೋದಲ್ಲಿದ್ದ ಹಾಗೆಯೇ ಹೊದಿಸಿ, ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಗಂಡ ಫೋಟೋ ತೆಗೆದ. ಆ ಮುಖವನ್ನು ಕತ್ತರಿಸಿ ಹಳೇ ಫೋಟೋದ ಮೇಲೆ ಅಂಟಿಸಿ ಮತ್ತೊಂದು ಫೋಟೋ ತೆಗೆದು, ಅದರ ಮೇಲೆ ಬಾನುಬೀ ಸಣ್ಣ ಕುಂಚದಿಂದ ಕೆಲಸ ಮಾಡಿದಳು. ಹಂಪವ್ವ ಎರಡನೇ ಸಲ ಹೋದಾಗ ಪಕ್ಕದಲ್ಲಿ ಕೂತು ಹೇಳಿದಳು: "ಇಲ್ಲಿ ಕೂದಲಾ ಬೆಳ್ಳಗ ಇದ್ವು. ಕಣ್ಣ ಕೆಳಗ ಇಷ್ಟು ಜೋತಬಿದ್ದಿತ್ತು. ಬಾಯಿ ಹತ್ರ ಇನ್ನೊಂದು ಗೆರಿ ಹಾಕ್ರಿ."

"ನಿಮ್ಮ ಮುಖಕ್ಕ ನೀವ ಮುಪ್ಪು ಹಾಕ್ಸಾಕತ್ತೀರಲ್ಲ ಅಕ್ಕಾ" ಎಂದು ಬಾನುಬೀ ಕುಂಚ ನಿಲ್ಲಿಸಿದಳಂತೆ. ಹಂಪವ್ವ, "ಹಾಕ್ರಿ. ಹೆಂಗೂ ಬರೂದ ಐತಲ್ಲ" ಎಂದಳು.

ಆ ಫೋಟೋ ನಾನು ನೋಡಿದ್ದೇನೆ. ಇಟಗಿಯಿಂದ ಬಂದ ಬಳಗದವರು ಮಾರೆವ್ವನೇ ಎದ್ದು ಬಂದಂತಿದೆ ಎಂದು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಮುದುಕಿಯಾದ ಹಂಪವ್ವ ಕಂಡಳು. ಅದಕ್ಕೆ ಹಾರ ಹಾಕಲು ಬಂದವರನ್ನು ಅವಳು ತಡೆದಳು: "ಹೂವು ಮುಂದ ಇಡ್ರಿ ಸಾಕು. ಹಾರ ಬ್ಯಾಡ."

ಆ ಫೋಟೋಕ್ಕೆ ಕಟ್ಟು ಹಾಕುವ ಪ್ರಶ್ನೆ ಬಂದಾಗ ಅವಳು ಬಾನುಬೀಯ ಊರಲ್ಲೇ ಹಾಕಿಸಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ಬೆಳಿಗ್ಗೆ ಬಡಿಗೇರ ಓಣಿಗೆ ಹೋಗಿ ಮೋನಪ್ಪನ ಬಾಗಿಲಲ್ಲಿ ನಿಂತಳು. ಮೋನಪ್ಪ ಮುದುಕನಾಗಿದ್ದ, ಮಗ ಕೆಲಸ ಮಾಡುತ್ತಿದ್ದ.

"ಒಂದು ಸ್ಟ್ಯಾಂಡ್ ಮಾಡಿಕೊಡ್ರಿ, ಕಾಕಾ" ಎಂದಳು.

"ಯಾರ ಮನಿಯವ್ವ?"

ಹೇಳಿದಳು. ಮುದುಕನಿಗೆ ನೆನಪು ಚೆನ್ನಾಗಿತ್ತು. ನಗು ತಡೆದುಕೊಂಡು, "ಅಂವ ಬಲ್ಲಿದಾಂವ. ನಾ ಮಾಡಿದ್ದು ಅವಂಗ ಹಿಡಿಸತೈತೇನು?" ಎಂದ.

"ಅವ್ರಿಗೆ ಹಿಡಸೂದು ಬ್ಯಾಡ. ಗರಗಸ ಹಿಡದ್ರ ಸಾಕು."

ಮುದುಕ ಮಗನ ಕೈಲಿ ಅಳತೆಕೋಲು ಹಿಡಿಸಿಕೊಂಡು ತಾನೇ ಬಂದ. ಗರಗಸದ ಹಾಸು ಅಳೆದ. ಹಂಪವ್ವನನ್ನು ನಿಲ್ಲಿಸಿ ಅವಳ ಮೊಣಕೈ ಎತ್ತರ ಅಳೆದ. ಒಳಗಿನ ಮಂಚದಿಂದ ವೆಂಕೋಬ ಕೂಗಿದ: "ನನ್ನ ಎತ್ತರ ಅಳೀಬೇಕು! ಕೊಯ್ಯಾಂವ ನಾನು!" ಮೋನಪ್ಪ ಆ ಕಡೆ ತಿರುಗಲೂ ಇಲ್ಲ. ಹಳೇ ಮನೆಯೊಂದನ್ನು ಕೆಡವಿದಾಗ ತೆಗೆದಿಟ್ಟಿದ್ದ ಸಾಗುವಾನಿ ತೊಲೆಯಿಂದ ಅವನ ಮಗ ಸ್ಟ್ಯಾಂಡು ಮಾಡಿಕೊಟ್ಟ. ಅದರಲ್ಲಿ ವಿಶೇಷ ಏನೂ ಇರಲಿಲ್ಲ: ನಾಲ್ಕು ಕಾಲು, ಎರಡು ಕಡೆ ರೆಕ್ಕೆ. ವೆಂಕೋಬ ಕಚೇರಿಯ ನೆಲದ ಮೇಲೆ ವರ್ಷಗಟ್ಟಲೆ ಬರೆದು ಒರೆಸಿದ್ದು ಅದೇ.

ಕೊಯ್ಯುವುದನ್ನು ಹಂಪವ್ವ ಯಾರಿಂದಲೂ ಕಲಿಯಬೇಕಿರಲಿಲ್ಲ. ಇನ್ನೊಂದು ತುದಿಯಲ್ಲಿ ಕೂತು ಎಲ್ಲ ತಪ್ಪುಗಳನ್ನೂ ನೋಡಿದ್ದಳು. ಮೊದಮೊದಲು ಹಳೇ ಪಟ್ಟಿಯ ಮೇಲೆ ಕೈ ಕೂಡಿಸಿಕೊಂಡಳು. ಕೆಡಿಸಿದ್ದನ್ನು ಒಲೆಗೆ ಹಾಕಿದಳು, ಹಿತ್ತಾಳೆ ಹೂವಿನ ಡಬ್ಬಿ ತೆರೆಯಲಿಲ್ಲ. ತಾಯಿಯ ಕಟ್ಟು ಆದ ಮೇಲೆ ಕಚೇರಿಯ ಕಟ್ಟುಗಳನ್ನು ಒಂದೊಂದಾಗಿ ಹೊಸದಾಗಿ ಮಾಡಿ ಕಳಿಸಿದಳು. ಅವು ಇನ್ನೂ ಗೋಡೆಯ ಮೇಲಿದ್ದಾಗಲೇ ಸರ್ಕಾರಗಳು ಮತ್ತೆ ಬದಲಾದವು, ಮುಖಗಳು ಬದಲಾದವು. ಕಟ್ಟು ಅವೇ ಉಳಿದವು.

ವೆಂಕೋಬನನ್ನು ಸಾಹೇಬರು ಕುಷ್ಟಗಿಗೆ ವರ್ಗ ಮಾಡಿಸಿದರು. ಅಲ್ಲಿಯೂ ಅವನು ಯಾರೋ ಹೊಲಿಗೆ ಮಶೀನಿನ ಮೇಜು ಕೊಳ್ಳಬೇಕೋ ಮಾಡಬೇಕೋ ಎಂದು ಕೇಳಿದ್ದಕ್ಕೆ ಮಧ್ಯಾಹ್ನದ ತನಕ ಉತ್ತರ ಹೇಳಿದನೆಂದು ಸುದ್ದಿ ಬಂತು. ಎರಡು ಮೂರು ವರ್ಷದ ನಂತರ ಯಾರ್ಯಾರದೋ ಕೈಕಾಲು ಹಿಡಿದು ಯಲಬುರ್ಗಾಕ್ಕೆ ಮರಳಿ ಬಂದು, ಮತ್ತೆ ನನ್ನ ಪಕ್ಕದ ಮೇಜಿಗೆ ಕೂತ. ಕುಂಟು ಸ್ವಲ್ಪ ಉಳಿದಿತ್ತು. ಮಾತು ಪೂರಾ ಉಳಿದಿತ್ತು.

ಒಂದು ಭಾನುವಾರ ನನ್ನ ಮಗಳ ಮದುವೆಯ ಫೋಟೋಕ್ಕೆ ಕಟ್ಟು ಹಾಕಿಸಲು ಅವರ ಅಂಗಡಿಗೆ ಹೋಗಿದ್ದೆ. ಹಂಪವ್ವ ನಿಂತು ಗರಗಸ ಎಳೆಯುತ್ತಿದ್ದಳು. ಮರದ ಪುಡಿ ಅವಳ ಮುಂಗೈ ಮೇಲೆ ಕೂತಿತ್ತು. ವೆಂಕೋಬ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಗಾಜು ಒರೆಸುತ್ತಿದ್ದ. ಅದೊಂದೇ ಕೆಲಸ ಅವಳು ಅವನಿಗೆ ಬಿಟ್ಟಿದ್ದಳು, ಗಾಜು ಕೊಯ್ಯಲೂ ಕೊಡುತ್ತಿರಲಿಲ್ಲ. ಕುದರಿಮೋತಿಯಿಂದ ಬಂದ ಇಬ್ಬರು ಗಿರಾಕಿಗಳು ಸ್ಟ್ಯಾಂಡನ್ನು ಮುಟ್ಟಿ ನೋಡಿ, "ಭಾಳ ಗಟ್ಟಿ ಐತ್ರಿ. ಎಲ್ಲಿ ಕೊಂಡ್ರಿ?" ಎಂದು ಕೇಳಿದರು.

ವೆಂಕೋಬ ಗಾಜನ್ನು ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡ. "ಕೊಂಡಿದ್ದಲ್ರೀ. ನಾನ ನಿಂತು ಮಾಡಿಸಿದ್ದು. ಮಶೀನಿನ ಕೆಲಸ ಈಗ ಮನಿಯವ್ರಿಗೆ ಬಿಟ್ಟೀನಿ. ನಾ ಬರೇ ಗಾಜು ನೋಡ್ಕೋತೀನಿ. ಗಾಜು ಅಂದ್ರ ಸಣ್ಣ ಕೆಲಸ ಅನ್ಕೊಂಡೀರಿ?"

ಗರಗಸದ ಸದ್ದು ಒಂದು ಕ್ಷಣ ನಿಂತಿತು. ಹಂಪವ್ವ ತಲೆ ಎತ್ತದೆಯೇ, "ಗಾಜಿನ ಮ್ಯಾಲ ಬೆರಳ ಗುರುತು ಮೂಡ್ಯಾವ. ಇನ್ನೊಂದು ಸಲ ಒರಸ್ರಿ" ಎಂದಳು.

ಅವನು ಒರೆಸಿದ.